ಎಣ್ಣೆಗೆ ಒತ್ತು ಸಿಗದ ಭಾನುವಾರ

ಭಾನುವಾರ ರಾತ್ರಿ 12ಕ್ಕೆ ಪ್ರಿಆರ್ಡರ್ ಮುಗಿಯುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ನಾನು ಅದೇ ಪುಟ ತೆರೆದು ಕೂತಿದ್ದೆ. ನಾವೇ ಜೋಡಿಸಿಕೊಳ್ಳುವ ಇ-ರೀಡರ್, ಅಂದರೆ ಪುಸ್ತಕ ಓದುವ ಯಂತ್ರದ ಕಿಟ್. ಒಂದು ಸರ್ಕ್ಯೂಟ್ ಬೋರ್ಡು, 4.2 ಇಂಚಿನ ಇ-ಪೇಪರ್ ಪರದೆ, ನಾಲ್ಕೈದು ಬಟನ್ನು, ಮೆಮೊರಿ ಕಾರ್ಡ್ ಹಾಕುವ ಜಾಗ. ಬೆಸುಗೆ ಹಾಕುವುದು ನಮ್ಮ ಕೆಲಸ. ಬ್ಯಾಟರಿ ನಾವೇ ತಂದುಕೊಳ್ಳಬೇಕು. ಸಾಗಣೆ ಸೇರಿ ಸುಮಾರು 8,000 ರೂಪಾಯಿ. ಕಸ್ಟಮ್ಸ್‌ನವರು ಹಾಕುವುದು ಬೇರೆ.

ಇಷ್ಟು ದುಡ್ಡಿಗೆ ಇನ್ನೂ ದೊಡ್ಡ ಪರದೆಯ ರೆಡಿಮೇಡ್ ರೀಡರ್ ಹುಡುಕಬಹುದಿತ್ತು. ಗೊತ್ತು. ಆದರೆ ಈ ಕಿಟ್‌ನವರು ಒಳಗಿನ ಪ್ರೋಗ್ರಾಮನ್ನೂ ಬೋರ್ಡಿನ ನಕ್ಷೆಯನ್ನೂ ಎಲ್ಲರಿಗೂ ತೆರೆದಿಟ್ಟಿದ್ದರು. ನನ್ನಂಥವರಿಗೆ ಅದೇ ದೊಡ್ಡ ಆಸೆ.

ತಡೆಯುತ್ತಿದ್ದುದು ಹಳೆಯ ಗಾಯ. ಹಿಂದೊಮ್ಮೆ ಹೀಗೇ ಒಂದು ಕೀಬೋರ್ಡ್ ಕಿಟ್‌ಗೆ ಮುಂಗಡ ಕಟ್ಟಿದ್ದೆ. 4 ತಿಂಗಳು ಅಂದಿದ್ದರು, 14 ತಿಂಗಳಾಯಿತು. ಅಷ್ಟರಲ್ಲಿ ನಾನು ಮನೆಯನ್ನೇ ಬದಲಾಯಿಸಿದ್ದೆ. ಹಳೇ ಮನೆ ಓನರ್ ಫೋನ್ ಮಾಡಿ, "ನಿಮ್ಮದೊಂದು ಡಬ್ಬ ಬಂದಿದೆ, ಒಳಗೆ ಏನೋ ಗಲಗಲ ಅಂತಿದೆ" ಅಂದಾಗ, ನಾನು ಏನು ತರಿಸಿದ್ದೆ ಅನ್ನೋದೇ ಮರೆತುಹೋಗಿತ್ತು.

ಈ ಸಲ ದುಡ್ಡು ಕಟ್ಟುವ ಮೊದಲೇ ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು. ಕಿಟ್‌ನಲ್ಲಿರುವ ಚಿಪ್ ಆರ್‌ಪಿ2040. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನಲ್ಲಿರುವುದೂ ಅದೇ, ಮತ್ತು ಅಂಥದೊಂದು ನನ್ನ ಡ್ರಾಯರಿನಲ್ಲಿ ಬಿದ್ದಿತ್ತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹೋದ ವರ್ಷ ತಂದಿದ್ದ 4.2 ಇಂಚಿನ ಇ-ಪೇಪರ್ ಪರದೆಯೂ ಇತ್ತು. ಬಸ್ ಬರುವ ಸಮಯ ತೋರಿಸುವ ಬೋರ್ಡು ಮಾಡುತ್ತೇನೆ ಅಂತ ತಂದದ್ದು. ಮಾಡಲಿಲ್ಲ. ಎಂಟು ತಂತಿ ಸಿಕ್ಕಿಸಿದೆ, ಅವರ ಪ್ರೋಗ್ರಾಮ್ ಇಳಿಸಿಕೊಂಡು ಹಾಕಿದೆ. ಇಂಗ್ಲಿಷ್ ಪುಟ ಮುದ್ದಾಗಿ ಬಂತು.

ಕನ್ನಡಕ್ಕೆ ಫೋನಿನಲ್ಲಿ ಕೈಗೆ ಸಿಕ್ಕಿದ್ದು ಅಮ್ಮ ಹೇಳಿ ಬರೆಸಿದ್ದ ಸಾರಿನ ಪುಡಿಯ ಚೀಟಿ. ಅದನ್ನೇ ಹಾಕಿದೆ. ಪರದೆ ಕಪ್ಪು ಬಿಳುಪಾಗಿ ನಾಲ್ಕೈದು ಸಲ ಮಿನುಗಿ ನಿಂತಿತು.

ಅಮ್ಮ ಹಿಂದೆ ನಿಂತು ನೋಡುತ್ತಿದ್ದರು. "ಏನೋ ಇದು? ಒತ್ತೆಲ್ಲ ಕೆಳಗೆ ಇಳಿದೇ ಇಲ್ವಲ್ಲೋ. ಒಂದನೇ ಕ್ಲಾಸಿನ ಹುಡುಗ ಬರೆದ ಹಾಗಿದೆ."

ನಿಜ. ಎಣ್ಣೆ ಅನ್ನುವಲ್ಲಿ ಎ, ಪೂರ್ತಿ ಣ, ಪಕ್ಕದಲ್ಲಿ ಒಂಟಿ ಕೊಕ್ಕೆ, ಮತ್ತೆ ಪೂರ್ತಿ ಣ, ಅದರಾಚೆ ಅನಾಥವಾಗಿ ಎತ್ವ. ಕೊತ್ತಂಬರಿ, ಮೆಂತ್ಯ, ಉದ್ದಿನಬೇಳೆ ಎಲ್ಲಕ್ಕೂ ಅದೇ ಗತಿ. ಅಡುಗೆಮನೆಯಲ್ಲಿ ಒತ್ತಿರುವ ಸಾಮಾನೇ ಎಷ್ಟೊಂದು, ಅಲ್ವಾ?

ತಪ್ಪು ಫಾಂಟಿನದಲ್ಲ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ‘ಣ್ಣ’ ಒಂದೇ ಅಕ್ಷರವಾಗಿ ಇರುವುದಿಲ್ಲ. ಣ, ಹಲಂತ (ಅದೇ ಆ ಕೊಕ್ಕೆ), ಣ ಎಂದು ಮೂರು ಸಂಕೇತಗಳಾಗಿ ಇರುತ್ತದೆ. ಅವನ್ನು ಸೇರಿಸಿ ಒತ್ತು ಕೆಳಗಿಳಿಸುವುದು ಬೇರೆ ಪ್ರೋಗ್ರಾಮಿನ ಕೆಲಸ. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಹಾರ್ಫ್‌ಬಜ್ ಅನ್ನುವುದು ಆ ಚಾಕರಿ ಮಾಡುತ್ತದೆ. ಕಿಟ್‌ನ ಪ್ರೋಗ್ರಾಮು ಒಂದು ಸಂಕೇತಕ್ಕೆ ಒಂದು ಚಿತ್ರ ತೆಗೆದು ಸಾಲಾಗಿ ಇಡುತ್ತಿತ್ತು, ಅಷ್ಟೇ. ಚಿಪ್‌ನಲ್ಲಿರುವ ಮೆಮೊರಿಯೇ 264 ಕೆಬಿ, ದೊಡ್ಡ ಪ್ರೋಗ್ರಾಮಿಗೆ ಜಾಗ ಕಡಿಮೆ. ಅರ್ಕಾವತ್ತಿನದು ಇನ್ನೂ ತಮಾಷೆ. ‘ಪೂರ್ತಿ ಕೆಂಪಾಗಲಿ’ ಎಂಬಲ್ಲಿ ರ ಮೊದಲು ಬರುತ್ತದೆ, ಆದರೆ ಅದು ‘ತಿ’ಯನ್ನು ದಾಟಿ ಬಲಕ್ಕೆ ಹೋಗಿ ಕೂರಬೇಕು. ಇಲ್ಲಿ ಅದು ಜಾಗ ಬಿಟ್ಟು ಅಲ್ಲಾಡಲೇ ಇಲ್ಲ.

ಊಟ ಬಿಟ್ಟು ದಾರಿ ಹುಡುಕಿದೆ. ಲ್ಯಾಪ್‌ಟಾಪಿನಲ್ಲೇ ಪುಟವನ್ನು ಸರಿಯಾಗಿ ಜೋಡಿಸಿ, ಕಪ್ಪು ಬಿಳುಪು ಚಿತ್ರ ಮಾಡಿ ಕಳಿಸಿದರೆ? ಪರದೆಯಲ್ಲಿ 400ಕ್ಕೆ 300, ಅಂದರೆ 1,20,000 ಚುಕ್ಕಿಗಳು. ಒಂದು ಪುಟಕ್ಕೆ 15,000 ಬೈಟ್ ಸಾಕು. ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದೆ. ಮೂರು ಗಂಟೆ ಹೊತ್ತಿಗೆ ‘ಎಣ್ಣೆ’ ಎಣ್ಣೆಯಾಯಿತು. ನಾನು ಜೋರಾಗಿ ಕೂಗಿಕೊಂಡೆ ಅಂತ ಅಮ್ಮ ಈಗಲೂ ಹೇಳುತ್ತಾರೆ. ಸುಳ್ಳು.

ಆಮೇಲೆ ಲೆಕ್ಕ ಹಾಕಿದ್ದೇ ತಪ್ಪಾಯಿತು. ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು, ಮೇಲೆ ಗುಣಿಸು, ಕೆಳಗೆ ಒತ್ತು. ಅಮ್ಮನ ಕಣ್ಣಿಗೆ ಕಾಣುವ ಗಾತ್ರದಲ್ಲಿ ಪರದೆಗೆ ಹತ್ತು ಹನ್ನೊಂದು ಸಾಲು, ಸುಮಾರು 30 ಪದ. 60,000 ಪದಗಳ ಕಾದಂಬರಿಗೆ 2,000 ಪರದೆ. 30 ಎಂಬಿ, ಕಾರ್ಡಿಗೆ ಅದೇನೂ ಅಲ್ಲ. ಆದರೆ ನನ್ನ ಪರದೆ ಪೂರ್ತಿ ಬದಲಾಗಲು ಸುಮಾರು 4 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಒಂದು ಕಾದಂಬರಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಬರೀ ಮಿನುಗುವುದನ್ನು ನೋಡಬೇಕು. ಬೇಗ ಬದಲಾಯಿಸುವ ವಿಧಾನವೂ ಇದೆ. ಅದರಲ್ಲಿ ಹಿಂದಿನ ಪುಟದ ನೆರಳು ಉಳಿದುಕೊಳ್ಳುತ್ತದೆ.

ರಾತ್ರಿ 11:40ಕ್ಕೆ ಮತ್ತೆ ಆ ಪುಟ ತೆರೆದೆ. ಕಾರ್ಡ್ ನಂಬರ್ ಕೂಡ ತುಂಬಿದೆ. ಆದರೆ ಆ ಕಿಟ್ ಬಂದರೆ ನಾನು ಮಾಡಬೇಕೆಂದಿದ್ದ ಕೆಲಸ ಯಾವುದು? ಅದರಲ್ಲಿ ಕನ್ನಡ ಕೂರಿಸುವುದು. ಅರ್ಧ ಕೆಲಸ ಮಧ್ಯಾಹ್ನವೇ ಡ್ರಾಯರಿನ ಸಾಮಾನಿನಲ್ಲಿ ಆಗಿತ್ತು. ಉಳಿದದ್ದು ಒಳ್ಳೆಯ ಡಬ್ಬಿ ಮತ್ತು ಬಟನ್ನು. ಅದಕ್ಕೆ 8,000 ಕೊಟ್ಟು ಎಷ್ಟು ತಿಂಗಳು ಕಾಯುವುದು? ಹೀಗೆ ಯೋಚಿಸುತ್ತಿರುವಾಗ 12 ಹೊಡೆಯಿತು. ಬೇಡ ಅಂತ ನಾನು ಗಟ್ಟಿಯಾಗಿ ನಿರ್ಧರಿಸಿದೆ ಅಂತೇನೂ ಹೇಳಲಾರೆ.

ತಂತಿ ಕಿತ್ತು, ಪರದೆಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ಮಲಗಿದೆ. ಇ-ಪೇಪರ್‌ನಲ್ಲಿ ಕಪ್ಪು ಬಿಳಿ ಕಣಗಳು ಒಮ್ಮೆ ಮೇಲೆ ಬಂದು ನಿಂತರೆ ಕರೆಂಟ್ ಇಲ್ಲದೆಯೂ ಹಾಗೇ ಇರುತ್ತವೆ. ಬೆಳಿಗ್ಗೆ ಎದ್ದಾಗ ಅಮ್ಮ ಕನ್ನಡಕ ಹಾಕಿಕೊಂಡು ಅದನ್ನೇ ಓದುತ್ತಿದ್ದರು.

"ಮೆಂತ್ಯ ಎರಡು ಚಮಚ ಅಂತ ಹಾಕಿದ್ದೀಯಲ್ಲ, ಕಹಿ ಆಗಲ್ವೇನೋ? ಒಂದೇ. ಇದನ್ನ ತಿದ್ದೋದು ಹೇಗೆ?"

ಲ್ಯಾಪ್‌ಟಾಪ್ ತರಲು ಒಳಗೆ ಹೋದೆ.