ಇಸ್ಪೀಟಿನ ಬೆನ್ನು

ಇಸ್ಪೀಟಿನ ರಾಜ-ರಾಣಿಯರ ಮೇಲೆ ನನಗೆ ಅಂಥ ಮೋಹ ಇಲ್ಲ. ನೋಡಬೇಕಾದ್ದು ಎಲೆಯ ಬೆನ್ನು! ಅಮೆರಿಕದ ಸಿನ್ಸಿನಾಟಿಯಲ್ಲಿ 1885ರಲ್ಲಿ ಶುರುವಾದ 'ಬೈಸಿಕಲ್' ಅನ್ನೋ ಇಸ್ಪೀಟು ಬ್ರ್ಯಾಂಡಿನ 'ರೈಡರ್ ಬ್ಯಾಕ್' ಅನ್ನೋ ಬೆನ್ನಿನ ಚಿತ್ರ ನೋಡಿ. ಬಳ್ಳಿಗಳ ನಡುವೆ ರೆಕ್ಕೆ ಇರೋ ಮಗು ಸೈಕಲ್ ತುಳಿಯುತ್ತಿದೆ. ತಲೆಕೆಳಗು ಮಾಡಿದರೂ ಅದೇ ಚಿತ್ರ. ಸುಮ್ನೆ ಚೆಂದಕ್ಕಲ್ಲ, ಎಲೆ ತಿರುಗಿದ್ದು ಗೊತ್ತಾದರೆ ಮೋಸಕ್ಕೆ ದಾರಿ ಅಲ್ವಾ? ಒತ್ತೊತ್ತಾದ ಗೆರೆಗಳಲ್ಲಿ ಸಣ್ಣಪುಟ್ಟ ಕಲೆಯೂ ಮರೆಯಾಗುತ್ತದೆ.

ಹಳೇ ಕಟ್ಟಿನ ಮೇಲೆ ತೆರಿಗೆ ಚೀಟಿ ಇದ್ದರೆ ಇನ್ನೂ ಖುಷಿ. 1894ರಿಂದ 1965ರವರೆಗೆ ಅಲ್ಲಿನ ಸರ್ಕಾರ ಇಸ್ಪೀಟಿಗೂ ತೆರಿಗೆ ಹಾಕುತ್ತಿತ್ತು. ಚೀಟಿ ಹರಿಯದ ಕಟ್ಟಿಗೆ ಬೆಲೆ ಜಾಸ್ತಿ. ಆದರೆ ಒಳಗಿನ ಎಲೆ ನೋಡಬೇಕಂದ್ರೆ ಅದನ್ನೇ ಹರಿಯಬೇಕು. ನಾನಾದರೆ ಹರಿದೇಬಿಡುತ್ತೇನೆ. ಬೆನ್ನು ನೋಡದೆ ಕಟ್ಟು ಇಟ್ಟುಕೊಂಡು ಏನು ಮಾಡೋದು?