ಒಂಬತ್ತನೆಯವನಿಗೆ ಜಾಗವಿಲ್ಲ

ಈಜು ಕಲಿಸುವವರು ‘ಪ್ರೈಡ್’ ಸಿನಿಮಾ ನೋಡುವ ರೀತಿಯೇ ಬೇರೆ. ಕತೆಯ ಕಡೆ ಅರ್ಧ ಗಮನ, ಮಿಕ್ಕರ್ಧ ನೀರಿನ ಕಡೆ: ಮೊಣಕೈ ಎಲ್ಲಿದೆ, ತಲೆ ಎಷ್ಟು ಎತ್ತಿದ, ಗೋಡೆ ಹತ್ತಿರ ಬಂದಾಗ ಏನು ಮಾಡಿದ. ಮೊನ್ನೆ ಶನಿವಾರ ರಾತ್ರಿ ಮತ್ತೆ ನೋಡಲು ಕೂತಾಗ ರಿಮೋಟ್ ಕೈಬಿಟ್ಟಿದ್ದೇ ಇಲ್ಲ. ನಿಲ್ಲಿಸಿ, ಹಿಂದಕ್ಕೆ ಓಡಿಸಿ ಮುಗಿಸುವಷ್ಟರಲ್ಲಿ ಮಧ್ಯರಾತ್ರಿ.

2007ರ ಈ ಸಿನಿಮಾ ನಡೆಯುವುದು 1974ರ ಫಿಲಡೆಲ್ಫಿಯಾದಲ್ಲಿ. ಮುಚ್ಚಲು ಹೊರಟಿರುವ ಒಂದು ಮನರಂಜನಾ ಕೇಂದ್ರ, ಪಾಳುಬಿದ್ದ ಈಜುಕೊಳ, ಕಪ್ಪು ಹುಡುಗರ ಒಂದು ತಂಡ, ಕೋಚ್ ಜಿಮ್ ಎಲ್ಲಿಸ್ ಪಾತ್ರದಲ್ಲಿ ಟೆರೆನ್ಸ್ ಹೊವಾರ್ಡ್. ಎಲ್ಲಿಸ್ ನಿಜದ ಮನುಷ್ಯ, ಗಣಿತದ ಮೇಷ್ಟ್ರು. ಆದರೆ ಅವರು ತಂಡ ಕಟ್ಟಿದ್ದು 1971ರಲ್ಲಿ, ವೆಸ್ಟ್ ಫಿಲಡೆಲ್ಫಿಯಾದ ಸೇಯರ್ ಕೇಂದ್ರದಲ್ಲಿ. ಸಿನಿಮಾದಲ್ಲಿ ಬರುವ ಮಾರ್ಕಸ್ ಫಾಸ್ಟರ್ ಕೇಂದ್ರಕ್ಕೆ ಹೋದದ್ದು 1980ರಲ್ಲಿ. ತಂಡದ ಹೆಸರಾದ ಪಿ.ಡಿ.ಆರ್. ನಗರದ ಮನರಂಜನಾ ಇಲಾಖೆಯ ಮೂರು ಇಂಗ್ಲಿಷ್ ಅಕ್ಷರ, ಅಷ್ಟೆ. ಹೆಮ್ಮೆ (ಪ್ರೈಡ್), ಛಲ, ಪುಟಿದೇಳುವ ಗುಣ ಎಂದು ಅದಕ್ಕೆ ಇನ್ನೊಂದು ಅರ್ಥ ಹಚ್ಚಿಕೊಂಡರು. ಸಿನಿಮಾದವರಿಗೆ ಇದಕ್ಕಿಂತ ಇನ್ನೇನು ಬೇಕು!

1971 ಎಂದರೆ ಯಾವ ಕಾಲ? ಆ ವರ್ಷದ ಜೂನ್‌ನಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪು ಕೊಟ್ಟಿತು. ಕಪ್ಪು ಜನ ಬಿಳಿಯರ ಜೊತೆ ಈಜುವುದಾದರೆ ಕೊಳಗಳೇ ಬೇಡ ಎಂದು ಮಿಸಿಸಿಪಿಯ ಜ್ಯಾಕ್ಸನ್ ನಗರ ಅವುಗಳನ್ನು ನಡೆಸುವುದನ್ನೇ ಕೈಬಿಟ್ಟಿತ್ತು. ಅದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು ಕೋರ್ಟ್. ಅದಕ್ಕೂ ಏಳು ವರ್ಷ ಹಿಂದೆ, 1964ರ ಜೂನ್‌ನಲ್ಲಿ, ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನ ಮೋಟೆಲೊಂದರ ಕೊಳಕ್ಕೆ ಕಪ್ಪು–ಬಿಳಿ ಹೋರಾಟಗಾರರು ಒಟ್ಟಿಗೆ ಇಳಿದಾಗ ಮ್ಯಾನೇಜರ್ ಆಸಿಡ್ ತಂದು ನೀರಿಗೆ ಸುರಿದಿದ್ದ. ಕೆರೆ–ಬಾವಿ ಮುಟ್ಟಬೇಡ ಎನ್ನುವುದನ್ನು ಕಂಡಿರುವ ನಮ್ಮ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ರಿಮೋಟ್ ಒತ್ತಿದ್ದು ಕೊಳ ಸ್ವಚ್ಛ ಮಾಡುವ ಭಾಗದಲ್ಲಿ. ಸಿನಿಮಾದಲ್ಲಿ ಅದು ನಿಮಿಷಗಳ ಕೆಲಸ. ಆರು ಲೇನಿನ, 25 ಯಾರ್ಡ್ ಅಂದರೆ 22.86 ಮೀಟರ್ ಉದ್ದದ ಒಂದು ಕೊಳವನ್ನು ಲೆಕ್ಕಕ್ಕೆ ಹಿಡಿಯಿರಿ. ಅಗಲ 13 ಮೀಟರ್, ಸರಾಸರಿ ಆಳ ಒಂದೂವರೆ ಮೀಟರ್ ಎಂದರೆ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ನೀರು. ಅದರಲ್ಲಿ ಕ್ಲೋರಿನ್ 2 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಪಾಲಿಗೆ ಎರಡು ಪಾಲಿಗೆ, ತರಬೇಕಾದರೆ 65 ಪರ್ಸೆಂಟಿನ ಹರಳು ಸುಮಾರು 1.4 ಕೆಜಿ ಬೇಕು. ಸುರಿದುಬಿಟ್ಟರೆ ಮುಗಿಯಲಿಲ್ಲ. ನೀರಿನ ಹುಳಿ–ಕ್ಷಾರದ ಅಳತೆಯಾದ ಪಿಎಚ್ 7.5 ಇದ್ದಾಗ ಆ ಕ್ಲೋರಿನ್‌ನಲ್ಲಿ ಕ್ರಿಮಿ ಕೊಲ್ಲುವ ರೂಪದಲ್ಲಿರುವುದು ಅರ್ಧ ಮಾತ್ರ, 8ಕ್ಕೆ ಏರಿದರೆ ಹೆಚ್ಚುಕಡಿಮೆ ಕಾಲು ಭಾಗ. ಅದಕ್ಕೇ ಮೊದಲು ಪಿಎಚ್ ಸರಿಮಾಡಿ ಆಮೇಲೆ ಕ್ಲೋರಿನ್ ಹಾಕುವುದು. ಈ ಕ್ರಮ ತಪ್ಪಿಸಿದವರ ಕೊಳ ಹಸಿರಾಗುತ್ತದೆ. ಅವರು ಇನ್ನಷ್ಟು ಕ್ಲೋರಿನ್ ಸುರಿಯುತ್ತಾರೆ, ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾರೆ. ಆ ಉರಿ, ಆ ಘಾಟು ಬಹುಪಾಲು ಕ್ಲೋರಿನ್ನಿನದಲ್ಲ, ಬೆವರು–ಮೂತ್ರಕ್ಕೆ ಸೇರಿ ಹುಟ್ಟುವ ಕ್ಲೋರಮೈನ್‌ನದು. ಆಗ ಗಾಗಲ್ಸ್ ಬೇರೆ ಇನ್ನೂ ಎಲ್ಲೆಡೆ ಬಳಕೆಗೆ ಬಂದಿರಲಿಲ್ಲ. 1972ರ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಸ್ ಮುಖದ ಮೇಲೆ ಮೀಸೆ ಇತ್ತು, ಗಾಗಲ್ಸ್ ಇರಲಿಲ್ಲ.

ಇನ್ನು ಮುಳುಗುವ ವಿಷಯ. 1987ರ ಏಪ್ರಿಲ್‌ನಲ್ಲಿ ಬೇಸ್‌ಬಾಲ್ ತಂಡವೊಂದರ ದೊಡ್ಡ ಅಧಿಕಾರಿ ಆಲ್ ಕ್ಯಾಂಪನಿಸ್ ಟೀವಿಯಲ್ಲಿ ಕೂತು, ಕಪ್ಪು ಜನರಿಗೆ ತೇಲುವ ಗುಣ ಇಲ್ಲ, ಅದಕ್ಕೇ ಅವರು ಒಳ್ಳೆಯ ಈಜುಗಾರರಲ್ಲ ಎಂದ. ಎರಡೇ ದಿನಕ್ಕೆ ಕೆಲಸ ಹೋಯಿತು. ಹೊಸಬರು ಯಾವ ಬಣ್ಣದವರಾದರೂ ಮುಳುಗುವುದು ಒಂದೇ ಕಾರಣಕ್ಕೆ. ತೇಲಿಸುವ ಗಾಳಿ ಇರುವುದು ಎದೆಯಲ್ಲಿ, ದೇಹದ ಭಾರದ ನಡುಬಿಂದು ಸೊಂಟದ ಹತ್ತಿರ. ಹೆದರಿ ತಲೆ ಎತ್ತಿದೊಡನೆ ಸೊಂಟ ಇಳಿಯುತ್ತದೆ, ಕಾಲು ಕೆಳಗೆ ಎಳೆಯುತ್ತದೆ. ಹಾಗಾಗಿ ಮೊದಲ ವಾರ ಕೈ ಬೀಸುವುದನ್ನು ಕಲಿಸಲೇಬಾರದು. ಮುಖ ನೀರಿಗಿಟ್ಟು ಗುಳುಗುಳು ಉಸಿರು ಬಿಡುವುದು, ಗೋಡೆ ಒದ್ದು ಬಾಣದ ಹಾಗೆ ಜಾರುವುದು, ಇಷ್ಟೇ. ಉಸಿರು ಹಿಡಿದಿಟ್ಟು, ತಲೆ ಹೊರಬಂದಾಗ ಬಿಡಲೂ ಎಳೆಯಲೂ ಒಟ್ಟಿಗೆ ಒದ್ದಾಡುವವನೇ ನೀರು ಕುಡಿಯುವುದು. ನಮ್ಮ ಹಳ್ಳಿಯ ಬಾವಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ತಳ್ಳುತ್ತಿದ್ದರಲ್ಲ, ಅದು ಮುಳುಗದ ಹಾಗೆ ಕಾಯುತ್ತಿತ್ತು, ಉಸಿರಾಟ ಕಲಿಸುತ್ತಿರಲಿಲ್ಲ.

ಸಿನಿಮಾ ತೋರಿಸದ, ಕೋಚ್ ಮಾತ್ರ ಊಹಿಸಿಕೊಳ್ಳಬಲ್ಲ ಸಂಗತಿ ಲೇನಿನ ಲೆಕ್ಕ. ಬಡ ತಂಡಕ್ಕೆ ಮಕ್ಕಳ ಕೊರತೆ ಇರುವುದಿಲ್ಲ, ನೀರಿನ ಕೊರತೆ. ಒಂದು ಲೇನಿನಲ್ಲಿ ಬಲಗಡೆ ಹೋಗಿ ಎಡಗಡೆ ಬರುವ ಸುತ್ತು, ಒಬ್ಬನ ಹಿಂದೆ ಇನ್ನೊಬ್ಬ ಐದು ಸೆಕೆಂಡ್ ಬಿಟ್ಟು. ನೂರು ಯಾರ್ಡನ್ನು 1 ನಿಮಿಷ 20 ಸೆಕೆಂಡಿನಲ್ಲಿ ಈಜುವ ಹುಡುಗನಿಗೆ ಒಂದು ಉದ್ದಕ್ಕೆ 20 ಸೆಕೆಂಡ್, ಹೋಗಿಬರಲು 40. ನಲವತ್ತನ್ನು ಐದರಿಂದ ಭಾಗಿಸಿ: ಎಂಟು ಜನ. ಎಂಟನೆಯವನು 35ನೇ ಸೆಕೆಂಡಿಗೆ ಗೋಡೆ ಬಿಡುತ್ತಾನೆ, ಮೊದಲನೆಯವನು 40ಕ್ಕೆ ಬಂದು ಮುಟ್ಟುತ್ತಾನೆ. ಒಂಬತ್ತನೆಯವನಿಗೆ ಜಾಗವಿಲ್ಲ, ತುರುಕಿದರೆ ಹಣೆಗೆ ಹಣೆ.

ತಮಾಷೆ ಇರುವುದು ಮುಂದೆ. ಮಕ್ಕಳು ಚುರುಕಾದ ಹಾಗೆ ಲೇನು ಕಿರಿದಾಗುತ್ತದೆ! ಅದೇ ಎಂಟು ಜನ ಒಂದು ವರ್ಷ ಕಷ್ಟಪಟ್ಟು ನೂರು ಯಾರ್ಡನ್ನು ಒಂದು ನಿಮಿಷಕ್ಕೆ ತಂದರೆ ಹೋಗಿಬರುವುದು 30 ಸೆಕೆಂಡ್, ಹಿಡಿಸುವುದು ಆರೇ ಜನ. ಇಬ್ಬರನ್ನು ಪಕ್ಕದ ಲೇನಿಗೆ ದಾಟಿಸಬೇಕು, ಅಲ್ಲಿ ನಿಧಾನದವರ ಕಾಲಿಗೆ ಇವರ ಕೈ ತಾಗಿ ಜಗಳ. ಗೋಡೆಗೆ ತೂಗುಹಾಕಿದ ದೊಡ್ಡ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ ತನ್ನ ಸಮಯಕ್ಕೆ ತಾನೇ ಹೊರಡುವುದನ್ನು ಹುಡುಗ ಕಲಿಯದೆ ಇಂಥ ಕೊಳದಲ್ಲಿ ತಂಡ ನಡೆಯುವುದಿಲ್ಲ. ಇಂಥಲ್ಲಿ ಕೋಚ್ ಗಣಿತದ ಮೇಷ್ಟ್ರೂ ಆಗಿದ್ದರೆ ಹಾಲಿಗೆ ಸಕ್ಕರೆ ಬಿದ್ದ ಹಾಗೆ. ಎಲ್ಲಿಸ್ ತಂಡದವರು ಮುಂದೆ ಅಮೆರಿಕದ ಒಲಿಂಪಿಕ್ ಆಯ್ಕೆ ಸ್ಪರ್ಧೆಗಳವರೆಗೂ ಹೋದರು.

ತಿರುವು. ಐನೂರು ಯಾರ್ಡಿನ ಸ್ಪರ್ಧೆಯಲ್ಲಿ 19 ತಿರುವು. ಒಂದೊಂದರಲ್ಲಿ ಅರ್ಧ ಸೆಕೆಂಡ್ ಕಳೆದರೆ ಒಟ್ಟು ಒಂಬತ್ತೂವರೆ ಸೆಕೆಂಡ್ ಹೋಯಿತು. ಹೊಸಬರ ತಪ್ಪು ಯಾವಾಗಲೂ ಒಂದೇ: ಗೋಡೆ ಎಲ್ಲಿದೆ ಎಂದು ತಲೆ ಎತ್ತಿ ನೋಡುವುದು. ನೋಡಬೇಕಾದ್ದು ತಳದ ಕಪ್ಪು ಗೆರೆಯ ತುದಿಯ ಅಡ್ಡಪಟ್ಟಿ. ಅದು ಕಂಡಮೇಲೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಕೊನೆಯ ಕೈ ಎಳೆದು, ಗಲ್ಲ ಎದೆಗೆ ಒತ್ತಿ, ಮಂಡಿ ಮಡಚಿ ಲಾಗ. ಪಾದ ಗೋಡೆಗೆ ತಾಗುವಾಗ ಬೆರಳು ಮೇಲ್ಮುಖ, ಬೆನ್ನ ಮೇಲೇ ಒದ್ದು, ಜಾರುತ್ತಾ ಹೊರಳುವುದು. ಹತ್ತಿರ ಬಂದು ಲಾಗ ಹಾಕಿದರೆ ಮಂಡಿ ಮಡಚಿಕೊಂಡು ಒದೆಯಲು ಬಲ ಸಿಗದು. ದೂರದಲ್ಲೇ ಹಾಕಿದರೆ ಬೆರಳತುದಿ ಮಾತ್ರ ತಾಗುತ್ತದೆ. ಗೆಲುವಿನ ದೃಶ್ಯಗಳಲ್ಲಿ ಕ್ಯಾಮೆರಾ ಮುಖಗಳನ್ನು ಹುಡುಕುತ್ತದೆ. ನಮಗೆ ಬೇಕಾದ್ದು ಪಾದ.

ಕೂದಲಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಎಷ್ಟೋ ಹೆಣ್ಣುಮಕ್ಕಳು ಈಜು ಬಿಡುವುದು ಅದಕ್ಕೇ. ಮೊದಲು ಸಾದಾ ನೀರಲ್ಲಿ ತೋಯಿಸಿಕೊಂಡರೆ ಕೊಳದ ನೀರು ಕಡಿಮೆ ಹೀರುತ್ತದೆ. ಆಮೇಲೆ ಕಂಡೀಷನರ್, ಅದರ ಮೇಲೆ ಟೋಪಿ. ದಟ್ಟ ಗುಂಗುರು ಕೂದಲಿಗೆಂದೇ ಮಾಡಿದ ದೊಡ್ಡ ಟೋಪಿಯನ್ನು 2021ರ ಟೋಕಿಯೊ ಒಲಿಂಪಿಕ್ಸ್‌ಗೆ ಬಿಡಲಿಲ್ಲ, ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಕೊನೆಯ ಸಲ ನಿಲ್ಲಿಸಿದ್ದು ರಿಲೇಯಲ್ಲಿ. ಪಿಸ್ತೂಲಿನ ಸದ್ದಿಗೆ ಹಾರುವವನಿಗೆ ಕಟ್ಟೆ ಬಿಡಲು ಮುಕ್ಕಾಲು ಸೆಕೆಂಡಿನಷ್ಟು ಹಿಡಿಯುತ್ತದೆ. ರಿಲೇಯಲ್ಲಿ ಬರುವವನನ್ನು ನೋಡುತ್ತಾ ಮೊದಲೇ ಕೈ ಬೀಸಿ ಹೊರಡಬಹುದು. ಚೆನ್ನಾಗಿ ಕಲಿತವರು ಅವನ ಕೈ ಗೋಡೆ ಮುಟ್ಟಿದ 0.2 ಸೆಕೆಂಡಿನೊಳಗೆ ಗಾಳಿಯಲ್ಲಿರುತ್ತಾರೆ. ಹೀಗೆ ಮೂರು ಬದಲಾವಣೆಯಲ್ಲಿ ಸುಮಾರು ಒಂದೂವರೆ ಸೆಕೆಂಡ್ ಉಳಿತಾಯ. ಮುಟ್ಟುವ ಮೊದಲೇ ಪಾದ ಬಿಟ್ಟರೆ ನಾಲ್ವರದ್ದೂ ನೀರುಪಾಲು. ಕೈ ಮುಟ್ಟಿದ್ದನ್ನು ತಾನೇ ದಾಖಲಿಸುವ ವಿದ್ಯುತ್ ಪಟ್ಟಿ ಗೋಡೆಗೆ ಇಲ್ಲದ ಸಣ್ಣ ಸ್ಪರ್ಧೆಗಳಲ್ಲಿ ತೀರ್ಪುಗಾರ ಕಟ್ಟೆಯ ಪಕ್ಕ ನಿಂತು ಕಾಲ್ಬೆರಳನ್ನೇ ನೋಡುತ್ತಾನೆ. ಬೆರಳು ಬಿಟ್ಟ ಕ್ಷಣ ಕಣ್ಣು ಗೋಡೆಗಿಳಿಸುತ್ತಾನೆ: ಕೈ ಅಲ್ಲಿದೆಯೋ ಇಲ್ಲವೋ. ಬರೀ ಕಣ್ಣಳತೆ. ಅನುಮಾನ ಬಂದರೆ ತಮ್ಮ ಪರ ತೀರ್ಪು ಬರುವ ಭರವಸೆ ಇಲ್ಲದ ತಂಡಕ್ಕೆ ಕೋಚ್ ಹೇಳಿಕೊಡಬೇಕಾದ್ದು ಒಂದೇ. ಕೈ ಗೋಡೆಗೆ ತಾಗಿದ್ದು ಕಣ್ಣಿಗೆ ಕಾಣಲಿ, ಆಮೇಲೆ ಹಾರು; ಬಿಟ್ಟುಕೊಟ್ಟ ಆ ಸೆಕೆಂಡಿನ ಚೂರನ್ನು ತಿರುವಿನಲ್ಲಿ ವಸೂಲು ಮಾಡಿಕೊಳ್ಳೋಣ.