ಬಟನ್ ಒತ್ತಿದ್ರೆ ತೆವಳೋ ಆಂಟೆನಾ

ಹೋದ ಬೇಸಿಗೇಲಿ ಮೈಸೂರಿನ ನಮ್ಮನೆ ತಾರಸಿ ಮೇಲೆ ಒಂದು ಮೂರು ಕಡ್ಡಿ ಯಾಗಿ ಆಂಟೆನಾ (ತಿರುಗಿಸಿದ ದಿಕ್ಕಿಗೇ ಹೆಚ್ಚು ಕಿವಿ ಕೊಡೋ ಅಂಥದ್ದು) ಏರಿಸಿದೆ, ಅದಕ್ಕೆ ಎರಡು 12 ವೋಲ್ಟ್ ಮೋಟರ್, ಒಂದು ಸುತ್ತ ತಿರುಗಿಸೋಕೆ ಇನ್ನೊಂದು ಎತ್ತಿ ಇಳಿಸೋಕೆ. ಸ್ಪೇಸ್ ಸ್ಟೇಷನ್ ಮೇಲೆ ಹಾದುಹೋಗೋವಾಗ 145.800 ಮೆಗಾಹರ್ಟ್ಸ್‌ನಲ್ಲಿ ಅಲ್ಲಿರೋ ಗಗನಯಾತ್ರಿಗಳ ಮಾತು ಕೇಳ್ಬೇಕು ಅನ್ನೋ ಹುಚ್ಚು. ಟೇಬಲ್ ಮೇಲಿದ್ದಾಗ ಒಂದು ಸುತ್ತು ತಿರುಗೋಕೆ ಒಂದು ನಿಮಿಷ ತಗೋತಿತ್ತು, ಮೇಲೆ ಹತ್ತಿದ್ಮೇಲೆ 1 ನಿಮಿಷ 40 ಸೆಕೆಂಡ್.

ಕಂಪ್ಯೂಟರೇ ತಿರುಗಿಸ್ತಿದ್ದಷ್ಟು ದಿನ ಇದು ಗೊತ್ತೇ ಆಗ್ಲಿಲ್ಲ. ಸ್ಟೇಷನ್ ತಗ್ಗಲ್ಲಿ ಹೋಗೋ ದಿನ ದಿಕ್ಕು ನಿಧಾನಕ್ಕೆ ಬದಲಾಗುತ್ತೆ, ಈ ಸಣ್ಣ ಯಾಗಿಗೆ ಹತ್ತು ಹದಿನೈದು ಡಿಗ್ರಿ ಆಚೀಚೆ ಆದ್ರೂ ನಡಿಯುತ್ತೆ. ಒಂದಿನ ನೆತ್ತಿ ಹತ್ರವೇ ಬರೋದಿತ್ತು, ನಾನೇ ಬಟನ್ ಒತ್ತಿ ತಿರುಗಿಸ್ತೀನಿ ಅಂತ ಕೂತೆ. ಅಷ್ಟೆತ್ತರದಲ್ಲಿ ದಿಕ್ಕು ಸೆಕೆಂಡಿಗೆ ನಾಲ್ಕೈದು ಡಿಗ್ರಿ ಓಡುತ್ತೆ, ನಮ್ದು ತೆವಳ್ತಾ ಇದೆ, ಮಾತು ಹೋಗಿ ಬರೀ ಸುಯ್ ಅಂತ ಸದ್ದು.

ಮೊದಲು ಬೈದಿದ್ದು ನನ್ನ ಕೋಡನ್ನೇ. ಮ್ಯಾನುಯಲ್ ಮೋಡ್‌ನಲ್ಲಿ ಸ್ಪೀಡ್ ಕಮ್ಮಿ ಇಟ್ಟಿದೀನೇನೋ ಅಂತ ನೋಡಿದ್ರೆ ಆಗ್ಲೇ ಫುಲ್ ಸ್ಪೀಡ್, 255ಕ್ಕೆ 255 ಇದೆ. ಗೇರ್ ಬಿಚ್ಚಿ ಗ್ರೀಸ್ ಹಾಕಿದೆ, ಕೈ ಕಪ್ಪಾಯ್ತೇ ಹೊರತು ಏನೂ ಆಗ್ಲಿಲ್ಲ. ಮೇಲೆ ಮೋಟರ್ ವೈರ್ ಬಿಚ್ಚಿ ಮೀಟರ್ ಇಟ್ಟೆ, 12.4 ವೋಲ್ಟ್. ಸರಿ ವೈರ್ ಚೆನ್ನಾಗಿದೆ ಅಂದ್ಕೊಂಡೆ ನೋಡಿ, ಅಲ್ಲೇ ಎರಡು ದಿನ ಹಾಳಾಯ್ತು.

ಭಾನುವಾರ ಅಮ್ಮ ಸಂಡಿಗೆ ಒಣಹಾಕಿ ಇಳಿದು ಹೋಗ್ತಿದ್ರು, "ಅಮ್ಮಾ ಕೆಳಗಡೆ ಆ ಕೆಂಪು ಬಟನ್ ಸ್ವಲ್ಪ ಒತ್ತಿ ಹಿಡ್ಕೊ" ಅಂದೆ. ಈ ಸಲ ಮೋಟರ್ ಬಿಚ್ಚಿರಲಿಲ್ಲ, ತಿರುಗ್ತಿರೋವಾಗ್ಲೇ ಟರ್ಮಿನಲ್ಲಿಗೆ ಮೀಟರ್ ಕಡ್ಡಿ ಒತ್ತಿದೆ. 7.6!

"ಸಾಕೇನೋ? ಒಲೆ ಮೇಲೆ ಹಾಲಿದೆ" ಅಂತ ಕೆಳಗಿಂದ ಕೂಗು.

ಮನೇಲಿ ಬಿದ್ದಿದ್ದ ತೆಳು ವೈರನ್ನೇ 20 ಮೀಟರ್ ಎಳೆದಿದ್ದೆ, ಹೋಗಿ ಬರೋಕೆ 40. ಅದ್ರ ರೆಸಿಸ್ಟೆನ್ಸ್ ಮೂರು ಓಮ್ ಚಿಲ್ರೆ, ಮೋಟರ್ ಎಳೆಯೋದು ಒಂದೂವರೆ ಆಂಪಿಯರ್, ದಾರೀಲೇ ಐದು ವೋಲ್ಟ್ ಹತ್ರ ಮಾಯ. ಮೋಟರ್ ಬಿಚ್ಚಿದ್ರೆ ಕರೆಂಟೇ ಹರಿಯಲ್ಲ, ಇನ್ನು ವೋಲ್ಟೇಜ್ ಬೀಳೋದೆಲ್ಲಿಂದ. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಹೊತ್ತು ಸರಿ ಇರಲಿಲ್ಲ.

ಸಂಜೆ ಮನೆ ವೈರಿಂಗಿಗೆ ಹಾಕೋ 1.5 ಸ್ಕ್ವೇರ್ ಎಂಎಂ ವೈರ್ ತಂದು ಎಳೆದೆ. ಈಗ ತಿರುಗ್ತಿರೋವಾಗ್ಲೂ 11.7, ಒಂದು ಸುತ್ತು ತಿರುಗೋಕೆ ಒಂದು ನಿಮಿಷದ ಮೇಲೆ ಎರಡು ಸೆಕೆಂಡ್. ಹಳೇ ವೈರ್ ಬಿಸಾಕೋಣ ಅಂತ ಸುತ್ತಿಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಅಮ್ಮ ಅದನ್ನ ಎರಡು ಕಂಬಕ್ಕೆ ಕಟ್ಟಿ ಬಟ್ಟೆ ಒಣಹಾಕಿದಾರೆ, ಒಂದು ಕಂಬ ಆಂಟೆನಾದ್ದು.